ಆರು ಸಾಲಿನ ಸ್ಲೈಡು

ನಮ್ಮ ಆಸ್ಪತ್ರೆಯಲ್ಲಿ ರೋಗಿ ಸತ್ತರೆ ಸಭೆ ಸೇರುತ್ತದೆ, ಸಭೆಗೆ ಸ್ಲೈಡು ಬೇಕು, ಸ್ಲೈಡು ಮಾಡಿ ಎದುರು ನಿಲ್ಲಬೇಕಾದವರು ಎಲ್ಲರಿಗಿಂತ ಕಿರಿಯ ಡಾಕ್ಟರು. ರಜಾಂಗ್ ನದಿಯ ದಂಡೆಯ ಈ ಊರಿನಲ್ಲಿ ನಾನು ವಿಭಾಗದ ಗುಮಾಸ್ತೆ. ಪ್ರೊಜೆಕ್ಟರ್ ಹಚ್ಚುವುದು, ಕಾಫಿ ಇಡುವುದು ನನ್ನ ಕೆಲಸ. ಬಿಳಿ ಕೋಟು ಇಲ್ಲದವರಿಗೆ ಆ ಕೋಣೆಯಲ್ಲಿ ಬಾಯಿಲ್ಲ.

ಆ ಸಲದ ಕಿರಿಯಳು ಲಿಂಡಾಯ್. ನದಿಯ ಮೇಲ್ಗಡೆ, ಹತ್ತಾರು ಸಂಸಾರಗಳು ಒಂದೇ ಸೂರಿನಡಿ ಬಾಳುವ ಉದ್ದಮನೆಯೊಂದರಲ್ಲಿ ಬೆಳೆದ ಇಬಾನ್ ಬುಡಕಟ್ಟಿನ ಹುಡುಗಿ, ಅಲ್ಲಿಯ ಅಷ್ಟೂ ಸಂಸಾರಗಳಿಗೆ ಅವಳೇ ಮೊದಲ ಡಾಕ್ಟರು. ಅವಳ ತರಬೇತಿಯ ಅವಧಿಯನ್ನು ತಪ್ಪು ಹಿಡಿದು ಆಗಲೇ ಎರಡು ಸಲ ಬೆಳೆಸಿದ್ದರು. ಇನ್ನೊಂದು ತಪ್ಪು ತಲೆಗೆ ಬಿದ್ದರೆ ಕೋಟು ಬಿಚ್ಚಿಟ್ಟು ಮನೆಗೆ ಹೋಗಬೇಕಿತ್ತು.

ಸತ್ತವಳು ಹೊಟ್ಟೆನೋವೆಂದು ದೋಣಿಯಲ್ಲಿ ಬಂದಿದ್ದ ಹೆಂಗಸು. ಕರುಳು ತೂತಾಗಿರಬೇಕು, ಈಗಲೇ ಕೊಯ್ಯಬೇಕು ಎಂದು ಲಿಂಡಾಯ್ ಹಿರಿಯ ಸರ್ಜನ್ ಡಾ. ಬಲಾಂಗ್‌ಗೆ ಫೋನ್ ಮಾಡಿದಳು. ಅವರು ಯಾರದೋ ಮದುವೆ ಊಟದಲ್ಲಿದ್ದರು. ನೋವಿಗೆ ಇಂಜೆಕ್ಷನ್ ಕೊಡು, ಆಮೇಲೆ ನೋಡುತ್ತೇನೆ ಎಂದರು. ಮತ್ತೆ ಮಾಡಿದ್ದಕ್ಕೆ ಬೈದರು. ಮೂರನೆಯ ಸಲ ಎತ್ತಲೇ ಇಲ್ಲ. ಸಂಜೆಗೆ ಹೆಂಗಸು ತೀರಿಕೊಂಡಳು.

ಇದನ್ನೆಲ್ಲ ಲಿಂಡಾಯ್ ಒಂದೂ ಬಿಡದೆ ಹನ್ನೆರಡು ಪುಟ ಬರೆದಳು. ಮುಖ್ಯಸ್ಥೆ ಡಾ. ಲೌ ಅವರಿಗೆ ಅದನ್ನು ನಾನೇ ಕಳಿಸಿದೆ.

ಸಭೆಯ ಹಿಂದಿನ ಮಧ್ಯಾಹ್ನ ಬಲಾಂಗ್ ನನ್ನ ಕೋಣೆಗೆ ಬಂದು, ಅಲ್ಲಿ ಸ್ಲೈಡು ಮಾಡುತ್ತಿದ್ದ ಲಿಂಡಾಯ್ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಆ ಬರಹವನ್ನು ಸ್ಲೈಡಿಗೆ ಇಳಿಸುವುದು ಹೇಗೆಂದು ಕಲಿಸಿಕೊಡುತ್ತಾರಂತೆ. ಅಷ್ಟು ಮೆತ್ತಗಿನ ದನಿ ಅವರ ಗಂಟಲಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಒಂದು ಸ್ಲೈಡಿಗೆ ಆರೇ ಸಾಲು, ಪ್ರತಿ ಸಾಲಿನ ಕೊನೆಗೆ ಕೆಲಸ ಮಾಡಿದವರ ಹೆಸರು, ಇದು ನಮ್ಮಲ್ಲಿಯ ಪದ್ಧತಿ. ಸರ್ಜನ್ ಹೇಳಿದ ಮೇಲೆ ಇಂಜೆಕ್ಷನ್ ಕೊಟ್ಟೆ ಎಂದು ಅವಳು ಬರೆದಿದ್ದಳು. ಅದು 'ನೋವಿಗೆ ಇಂಜೆಕ್ಷನ್: ಡಾ. ಲಿಂಡಾಯ್' ಎಂದಾಯಿತು. ಕೊಟ್ಟವಳು ಅವಳೇ ತಾನೆ.

ಫೋನಿನ ಸಂಗತಿ ಎಲ್ಲಿ ಹಾಕಲಿ ಎಂದು ಅವಳು ಕೇಳಿದಳು.

"ಫೋನಲ್ಲಿ ಮಾತಾಡಿದ್ದೆಲ್ಲ ಕತೆ ಕಣಮ್ಮ. ಸ್ಲೈಡಲ್ಲಿ ಕತೆ ಹಾಕಬಾರ್ದು. ಅದನ್ನ ಬಾಯಲ್ಲೇ ಹೇಳು, ನಾನಿರ್ತೀನಲ್ಲ."

ಅವರು ಹೋದ ಮೇಲೆ ನಾನು ತಡೆಯಲಾರದೆ ಹೇಳಿಬಿಟ್ಟೆ. "ಲೌ ಮೇಡಂ ಸ್ಲೈಡಲ್ಲಿ ಇಲ್ಲದ್ದನ್ನ ಕಿವಿಗೇ ಹಾಕ್ಕೊಳಲ್ಲ ಕಣೇ. ಒಂದು ಸಾಲಾದ್ರೂ ಸೇರಿಸು."

"ಬಲಾಂಗ್ ಸರ್ ಅಲ್ಲೇ ಕೂತಿರ್ತಾರಲ್ಲ ಅಕ್ಕ. ಅವ್ರೇ ಒಪ್ಕೋತಾರೆ. ಈಗ ಸೇರಿಸಿದ್ರೆ ನಂಬಿಕೆ ಇಲ್ವಾ ಅಂತಾರೆ."

ಪಾಪದ ಹುಡುಗಿ.

ಮರುದಿನ ಅವಳು ಒಂದೊಂದೇ ಸ್ಲೈಡು ದಾಟಿಸಿದಳು. ಚೊಕ್ಕ ಕೆಲಸ. ನೋಡಿದವಳು, ಮದ್ದು ಕೊಟ್ಟವಳು, ಕಾದವಳು ಎಲ್ಲ ಒಬ್ಬಳೇ, ಪ್ರತಿ ಸಾಲಿನ ಕೊನೆಗೂ ಅವಳದೇ ಹೆಸರು. ಬಲಾಂಗ್ ಬಾಳೆಎಲೆ ಬಿಡಿಸಿ ಕಡುಬು ತಿನ್ನುತ್ತಿದ್ದರು. ಸರ್ಜನ್‌ಗೆ ಯಾಕೆ ತಿಳಿಸಲಿಲ್ಲ ಎಂದು ಲೌ ಕೇಳಿದರು.

"ಮೂರು ಸಲ ಫೋನ್ ಮಾಡ್ದೆ ಮೇಡಂ."

"ಎಲ್ಲಿದೆ?" ಲೌ ಪರದೆಯ ಕಡೆ ಪೆನ್ನು ತೋರಿಸಿದರು.

ಲಿಂಡಾಯ್ ಬಲಾಂಗ್ ಕಡೆ ತಿರುಗಿದಳು. ಅವರು ಅವಸರವಿಲ್ಲದೆ ಬೆರಳು ಒರೆಸಿಕೊಂಡರು.

"ಫೋನ್ ಮಾಡಿದ್ಲು, ಸುಳ್ಳಲ್ಲ. ಇಷ್ಟು ಸೀರಿಯಸ್ ಅಂತ ಹೇಳ್ಲಿಲ್ಲ. ಹೇಳಿದ್ದಿದ್ರೆ ಸ್ಲೈಡಲ್ಲಿ ಹಾಕ್ತಿರ್ಲಿಲ್ವಾ? ಚಿಕ್ಕೋಳು ಮೇಡಂ, ಬೈಬೇಡಿ."

ತಾನು ಎಲ್ಲವನ್ನೂ ಬರೆದು ಕಳಿಸಿದ್ದೇನೆ, ದಯವಿಟ್ಟು ಓದಿ ಎಂದು ಲಿಂಡಾಯ್ ಬೇಡಿಕೊಂಡಳು.

"ಹನ್ನೆರಡು ಪುಟ ಓದೋಷ್ಟು ಪುರುಸೊತ್ತಿದ್ದಿದ್ರೆ," ಎಂದರು ಲೌ, "ಸ್ಲೈಡ್ ಯಾಕಮ್ಮ ಕೇಳ್ತಿದ್ದೆ?"

ಯಾರೋ ನಕ್ಕರು. ಆ ವಾರವೇ ಅವಳ ತರಬೇತಿ ರದ್ದಾಯಿತು. ದೋಣಿಕಟ್ಟೆಯವರೆಗೆ ಅವಳ ಚೀಲ ನಾನೇ ಹೊತ್ತುಕೊಟ್ಟೆ. ಮನೆಯಲ್ಲಿ ಏನು ಹೇಳಲಿ ಅಕ್ಕ ಎಂದಳು. ನಾನು ಚೀಲವನ್ನು ದೋಣಿಯೊಳಗೆ ಇಟ್ಟೆ.

ನಾನು ವಾಪಸು ಬಂದಾಗ ಬಲಾಂಗ್ ನನ್ನ ಮೇಜಿನ ಹತ್ತಿರ ನಿಂತಿದ್ದರು. "ಆ ಸ್ಲೈಡ್ ಅಳಿಸ್ಬೇಡಿ. ಚೆನ್ನಾಗಿ ಮಾಡಿದಾಳೆ. ಹೊಸಬರು ಬಂದಾಗ ಮಾದರಿಗೆ ಕೊಡಿ. ಅವಳ ಹೆಸರು ಇರೋ ಕಡೆಯೆಲ್ಲ ಖಾಲಿ ಬಿಡಿ, ಬಂದವ್ರು ತಮ್ಮ ಹೆಸರು ತುಂಬ್ಕೋತಾರೆ."