ಸೋರದಮ್ಮನ ಗ್ಯಾರಂಟಿ

ಹನಿ ಬಿದ್ದದ್ದು ಸರಿಯಾಗಿ ಮ್ಯಾನೇಜರರ ಕನ್ನಡಕದ ಗಾಜಿನ ಮೇಲೆ. ಅವರು ಕನ್ನಡಕ ತೆಗೆದು, ಒರೆಸಿಕೊಳ್ಳದೆ, ಸಾಕ್ಷಿ ಹಾಜರುಪಡಿಸುವವರಂತೆ ಮೇಜಿನ ಮೇಲಿಟ್ಟರು.

"ಇದೇನು ಹಾಗಾದ್ರೆ? ನನ್ನ ಬೆವರಾ?"

ಮೇಸ್ತ್ರಿ ತಲೆಯೆತ್ತಿ ನೋಡಿದಳು. ಚಾವಣಿಯ ಮೂಲೆಯಲ್ಲಿ ಅಂಗೈಯಗಲದ ಹಳದಿ ಕಲೆ, ಅದರ ನಡುವೆ ಇನ್ನೊಂದು ಹನಿ ಬೀಳಲು ತಯಾರಾಗುತ್ತಿತ್ತು.

"ತಪ್ಪು ನನ್ನದಲ್ಲ," ಎಂದಳು.

ಇಪ್ಪತ್ತೆರಡು ವರ್ಷದಿಂದ ತಾರಸಿ ಸೋರದಂತೆ ಮಾಡುವುದೇ ಅವಳ ಕಸುಬು. ಗಾರೆಯವರು ಶುರುವಿನಲ್ಲಿ ಕೀಟಲೆಗೆ ಇಟ್ಟ 'ಸೋರದಮ್ಮ' ಎಂಬ ಹೆಸರು ಈಗ ಅವಳ ಬೋರ್ಡು, ಬಿರುದು ಎರಡೂ ಆಗಿತ್ತು. ಕೆಲಸದ ಜಾಗದಲ್ಲಿ ಸಾಮಾನಿಗೆ ಕಾಲು ಬರುತ್ತದೆಂದು ಬಕೆಟ್ಟು, ಕರಣೆ, ಏಣಿ ಎಲ್ಲದರ ಮೇಲೂ ಕೆಂಪು ಬಣ್ಣದಲ್ಲಿ ಅದನ್ನೇ ಬರೆಸಿದ್ದಳು. ಒಮ್ಮೆ ಮುಗಿಸಿದ ತಾರಸಿಗೆ ರಿಪೇರಿಗೆಂದು ಮತ್ತೆ ಏಣಿ ಹಾಕಿದವಳಲ್ಲ.

"ನಿನ್ನ ಕೆಲಸಕ್ಕೆ ನಾನೇನೂ ಅನ್ನಲ್ಲ," ಎಂದರು ಮ್ಯಾನೇಜರು. "ತಾರಸಿ ತೋಟದ ಗಿಡದ ಬೇರು ಇಳಿದಿದೆ. ಸೋಮವಾರ ಬೇರೆಯವರು ಬಂದು ಎಲ್ಲಾ ಕೆರೆದು ಹಾಕ್ತಾರೆ. ಮೇಲೆ ಪ್ಲಾಸ್ಟಿಕ್ ಹುಲ್ಲು. ನೀರು ಬೇಡ, ಹುಳದ ಕಾಟ ಇಲ್ಲ. ಗುರುವಾರ ಹಸಿರು ಕಟ್ಟಡದ ಸರ್ಟಿಫಿಕೇಟಿನವರು ಬರ್ತಿದ್ದಾರೆ. ಕಣ್ಣಿಗೆ ಹಸಿರು ಕಂಡ್ರೆ ಸಾಕಲ್ಲ?"

"ಹಸಿರು ಅನ್ನಿಸಿಕೊಳ್ಳೋಕೆ ಹಸಿರು ಕೀಳ್ತೀರಾ?"

"ಅದು ತೋಟಾನಾ ಹೇಳು? ಹಾಳು ಬಿದ್ದ ಸೈಟಿನ ಹಾಗಿದೆ."

ಈ ಮಾತು ಅವಳಿಗೆ ನಾಟಿತು. ಮೂರು ವರ್ಷದ ಹಿಂದೆ ಈ ತಾರಸಿಗೆ ಲೇಪ ಬಳಿದು, ಪಕ್ಕದ ಕಟ್ಟಡದ ಪಾಯದಿಂದ ತೆಗೆದ ಮಣ್ಣನ್ನು ಮೇಲಕ್ಕೆ ಹೊತ್ತವರು ಅವಳು ಮತ್ತು ಅವಳ ನಾದಿನಿ. ಆ ಮಣ್ಣಿನೊಳಗೆ ಯಾವ ಕಾಲದ ಬೀಜಗಳಿದ್ದವೋ, ತಂದು ನೆಟ್ಟ ಹುಲ್ಲನ್ನು ಮೂಲೆಗೆ ತಳ್ಳಿ ತಾವೇ ಎದ್ದುಬಂದಿದ್ದವು. ಅವಳಿಗೆ ರೇಗಿತು. ರೇಗಿದಾಗ ಅವಳ ಬಾಯಿಗೆ ಬೀಗವಿರುವುದಿಲ್ಲ.

"ಎರಡು ದಿನ ಕೊಡಿ. ತಾರಸಿ ತುಂಬ ನೀರು ನಿಲ್ಲಿಸ್ತೀನಿ. ಈ ಮೂಲೇಲಿ ಒಂದು ಹನಿ ಹೆಚ್ಚಿಗೆ ಬಿದ್ರೂ ನಾನೇ ನನ್ನ ಕೈಯಾರೆ ಕಿತ್ತು ಹಾಕ್ತೀನಿ. ಬೀಳದಿದ್ರೆ ಒಂದು ಎಲೆ ಮುಟ್ಟಕೂಡದು."

"ಆಯ್ತು," ಎಂದು ಮ್ಯಾನೇಜರು ಕನ್ನಡಕ ಏರಿಸಿಕೊಂಡರು.

ನೀರು ಹೊರಹೋಗುವ ಬಾಯಿಗಳಿಗೆ ಬಟ್ಟೆ ತುರುಕಿ, ಜೇಡಿಮಣ್ಣು ಮೆತ್ತಿ, ತಾರಸಿಯ ಮೇಲೆ ಗೇಣೆತ್ತರ ನೀರು ನಿಲ್ಲಿಸಿ ಕಾಯುವುದು ಅವರ ಕಸುಬಿನಲ್ಲಿ ಕೊನೆಯ ಪರೀಕ್ಷೆ. ನಾದಿನಿ ಬಟ್ಟೆಯ ಗಂಟು ಹೊತ್ತಳು, ಸೋರದಮ್ಮ ಮಣ್ಣಿನ ಬಕೆಟ್ಟು ಹಿಡಿದಳು. ಕೆಳಗಿನಿಂದ ಐದು ಮಹಡಿ ಹತ್ತಿ ತಾರಸಿಯ ಬಾಗಿಲು ತೆರೆದಾಗ ಬಿಸಿಲು ಮುಖಕ್ಕೆ ಬಡಿಯಿತು. ಮೊಣಕಾಲೆತ್ತರದ ಹುಲ್ಲು ತೆನೆ ಬಿಟ್ಟಿತ್ತು. ಹಳದಿ ಹೂಗಳ ಮೇಲೆ ಜೇನುನೊಣಗಳು ಗುಂಯ್‌ಗುಡುತ್ತಿದ್ದವು. ಅರಣೆಯೊಂದು ಇವರನ್ನು ಕಂಡು ಕಲ್ಲಿನಡಿ ನುಸುಳಿತು. ಸುತ್ತಲಿನ ಕಟ್ಟಡಗಳ ತಲೆಯ ಮೇಲೆಲ್ಲ ಬರೀ ಟ್ಯಾಂಕು, ತಂತಿ, ಸಿಮೆಂಟು.

ಸೋರದಮ್ಮ ಮ್ಯಾನೇಜರರ ಕೋಣೆಯ ಮೇಲಿನ ಮೂಲೆಗೆ ನಡೆದಳು. ಪಾರಾಪೆಟ್ ಗೋಡೆಯ ಬುಡದುದ್ದಕ್ಕೂ ಒಂದೂವರೆ ಅಡಿ ಅಗಲ ಬರೀ ಜಲ್ಲಿ ಹಾಸುವುದು ಅವಳ ಪದ್ಧತಿ. ಅಲ್ಲಿ ಗಿಡ ಬರಕೂಡದು, ಗೋಡೆ ಮತ್ತು ತಾರಸಿ ಕೂಡುವ ಸಂದು ಯಾವಾಗ ಬೇಕಾದರೂ ಕೈಗೆ ಸಿಗಬೇಕು. ಆ ಜಲ್ಲಿಯ ಮೇಲೆ ಕಾಲಿಡುವಷ್ಟರಲ್ಲಿ ತಲೆಯ ಮೇಲೆ ಏನೋ ಕಿರುಚಿಕೊಂಡು ಎರಗಿತು. ಅವಳು ಕೂತೇಬಿಟ್ಟಳು.

"ಟಿಟ್ಟಿಭ!" ನಾದಿನಿ ಕೂಗಿದಳು. "ಅತ್ತಿಗೆ, ಕಾಲು! ಕಾಲು ನೋಡ್ಕೊಳಿ!"

ಹೆಜ್ಜೆಯಿಂದ ಒಂದು ಮೊಳ ದೂರದಲ್ಲಿ, ಜಲ್ಲಿಯ ನಡುವೆ, ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಗೂಡು ಅಂತ ಏನೂ ಇಲ್ಲ, ಕಲ್ಲನ್ನು ಕೊಂಚ ಸರಿಸಿ ಮಾಡಿದ ಕುಳಿ. ಹಕ್ಕಿ ಗೋಡೆಯ ಮೇಲೆ ಉದ್ದ ಕಾಲಲ್ಲಿ ನಿಂತು ಇವರಿಬ್ಬರನ್ನೂ ಬಾಯಿಗೆ ಬಂದಂತೆ ಬಯ್ಯುತ್ತಿತ್ತು.

ಸೋರದಮ್ಮ ಕೂತಲ್ಲಿಂದಲೇ ಕೈ ಚಾಚಿ ಗೋಡೆಯ ಬುಡದ ನಾಲ್ಕು ಕಲ್ಲು ಸರಿಸಿ, ಸಂದನ್ನು ಒತ್ತಿ ನೋಡಿದಳು. ಬೆರಳು ಒಳಗೆ ಹೋಯಿತು. ತೆಗೆದಾಗ ತುದಿ ತೇವವಾಗಿತ್ತು.

ಬೇರಲ್ಲ. ಆ ಸಂದಿನ ಸುತ್ತ ಒಂದು ಎಳೆ ಬೇರೂ ಇರಲಿಲ್ಲ. ಅವಳಿಗೆ ಆ ದಿನ ನೆನಪಾಯಿತು. ಲೇಪದ ಮೊದಲ ಕೈ ಬಳಿದಾಗಿತ್ತು, ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು ಬಳಿಯಬೇಕು. ಅಷ್ಟರಲ್ಲಿ ಮೋಡ ಕವಿಯಿತು. ಇದೊಂದು ಮೂಲೆ ತಾನೇ ಎಂದು ಹಸಿಯ ಮೇಲೇ ಬಳಿದು ಇಳಿದಿದ್ದಳು. ನಾಚಿಕೆಗೆ ಕಿವಿ ಬಿಸಿಯಾದವು.

ನಾದಿನಿಗೆ ಅತ್ತಿಗೆಯ ಮುಖ ಓದಲು ಬರುತ್ತಿತ್ತು. ದನಿ ತಗ್ಗಿಸಿದಳು.

"ಯಾರಿಗೂ ಗೊತ್ತಾಗಲ್ಲ. ಇವತ್ತು ಜಲ್ಲಿ ತೆಗೆದು, ಬಿಚ್ಚಿ, ಹೊಸದಾಗಿ ಮುಚ್ಚೋಣ. ನೀರು ಹಾಕೋಕೆ ಬೆಳಿಗ್ಗೆವರೆಗೂ ಟೈಮಿದೆ. ನಿಮ್ಮ ಹೆಸರೂ ಉಳಿಯತ್ತೆ, ತೋಟಾನೂ ಉಳಿಯತ್ತೆ."

"ಮೊಟ್ಟೆ?"

"ಆ ಕಡೆ ಇಟ್ರಾಯ್ತು."

"ಕೈ ಸೋಕಿ ಜಾಗ ಬದಲಾದ್ರೆ ಅದು ಕೂರುತ್ತಾ? ಕೂತರೂ ನಾಳೆ ಗೇಣು ನೀರು ನಿಲ್ಲತ್ತೆ."

"ನಾಲ್ಕು ಮೊಟ್ಟೆ ಅತ್ತಿಗೆ! ಇಷ್ಟು ದೊಡ್ಡ ತೋಟಕ್ಕೆ ನಾಲ್ಕು ಮೊಟ್ಟೆ!"

ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ಅವಳಿಗೆ ಸಿಟ್ಟು ಬಂತು. ಊರೆಲ್ಲ ಸಿಮೆಂಟು ಹೊದ್ದು ಕೂತಿರುವಾಗ ಈ ಹಕ್ಕಿ ಹುಡುಕಿಕೊಂಡು ಬಂದು, ಅವಳು ಕೈಯಾರೆ ಹಾಸಿದ ಜಲ್ಲಿಯನ್ನೇ ನಂಬಿತ್ತು. ತನ್ನ ತಪ್ಪು ಮುಚ್ಚಿಕೊಳ್ಳಲು ಅದನ್ನು ಎಬ್ಬಿಸುವುದೇ? ಹಾಗೆ ಉಳಿಸಿಕೊಂಡ ತೋಟಕ್ಕೂ ಪ್ಲಾಸ್ಟಿಕ್ ಹುಲ್ಲಿಗೂ ಏನು ವ್ಯತ್ಯಾಸ? ಬೆರಳಿನ ತೇವವನ್ನು ಹೆಬ್ಬೆರಳಿಗೆ ಉಜ್ಜಿಕೊಂಡಳು. ಆಮೇಲೆ ಬಕೆಟ್ಟಿನ ಮಣ್ಣನ್ನು ಹುಲ್ಲಿನ ಬುಡಕ್ಕೆ ಸುರಿದು ಎದ್ದಳು.

"ನಡಿ. ಗ್ಯಾರಂಟಿ ಕಾಗದ ಎಲ್ಲಿಟ್ಟಿದೀಯಾ?"

ಮ್ಯಾನೇಜರರ ಕೋಣೆಯಲ್ಲಿ ಇಬ್ಬರು ಗುಮಾಸ್ತರಿದ್ದರು. ಅವರು ಹೊರಗೆ ಹೋಗಲೆಂದು ಅವಳು ಕಾಯಲಿಲ್ಲ.

"ಸೋರುತ್ತೆ," ಎಂದಳು. "ಬೇರಿಂದಲ್ಲ. ತಪ್ಪು ನನ್ನದು. ಹಸಿ ಮೇಲೆ ಬಳಿದಿದ್ದೆ."

ಗುಮಾಸ್ತರು ಮುಖ ಮುಖ ನೋಡಿಕೊಂಡರು. ಮ್ಯಾನೇಜರರಿಗೆ ನಗು ತಡೆಯಲಾಗಲಿಲ್ಲ. "ಸೋರದಮ್ಮನ ತಾರಸಿ ಸೋರಿತು! ಸರಿ ಹಾಗಾದ್ರೆ, ಮಾತಿನಂತೆ ಕಿತ್ತು ಹಾಕು."

"ನೀರು ನಿಲ್ಲಿಸಿ ಬಿದ್ರೆ ಅಂದಿದ್ದೆ. ನೀರೇ ನಿಲ್ಲಿಸಿಲ್ಲ. ಈಗ ಇದನ್ನ ಓದಿ."

ಅವಳು ಕಾಗದವನ್ನು ಮೇಜಿನ ಮೇಲಿಟ್ಟು ಸಾಲಿನ ಮೇಲೆ ಬೆರಳಿಟ್ಟಳು. ಸಿಮೆಂಟು ತಿಂದು ಉಗುರು ಸವೆದ ಬೆರಳು. "ಕೆಲಸದಲ್ಲಿ ದೋಷ ಕಂಡರೆ ಹತ್ತು ವರ್ಷದವರೆಗೆ ನಾನೇ ಸರಿ ಮಾಡಬೇಕು. ಅಲ್ಲೀವರೆಗೆ ಬೇರೆಯವರ ಕೈ ಬಿದ್ರೆ ಗ್ಯಾರಂಟಿ ಇಲ್ಲ. ಕೆಳಗಿರೋದು ನಿಮ್ಮ ಸೈನು. ಬೇರು ಕೊರೀತು ಅಂತ ಇದ್ದಾಗ ನೀವು ಯಾರನ್ನ ಬೇಕಾದ್ರೂ ಕರೀಬಹುದಿತ್ತು. ಈಗ ದೋಷ ನಂದು ಅಂತ ಆಯ್ತಲ್ಲ, ತಾರಸೀನೂ ನಂದೇ."

ನಗು ಮೆಲ್ಲಗೆ ಇಳಿಯಿತು. "ಸರಿ, ನಾಳೆನೇ ಮಾಡು."

"ಮರಿ ಆದಮೇಲೆ ಮಾಡ್ತೀನಿ."

"ಯಾರ ಮರಿ?"

"ಟಿಟ್ಟಿಭದ್ದು. ಆ ಮೂಲೇಲೇ ಮೊಟ್ಟೆ ಇಟ್ಟಿದೆ."

"ಒಂದು ಹಕ್ಕಿಗೋಸ್ಕರ ನಾನು ನೆನೀತಾ ಕೂರಬೇಕಾ? ನಿನ್ನ ಗ್ಯಾರಂಟಿ ಯಾರಿಗೆ ಬೇಕು, ತಗೊಂಡು ಹೋಗು!"

"ಬೇಡ ಅಂತ ಬರೆದು ಕೊಡಿ. ಇನ್ನೂ ಏಳು ವರ್ಷ ಬಾಕಿ ಇತ್ತು, ನಾನೇ ಬಿಟ್ಟುಕೊಟ್ಟೆ ಅಂತ. ಒಂದು ಪ್ರತಿ ಮಾಲೀಕರಿಗೂ ಕಳಿಸಿ."

ಮ್ಯಾನೇಜರು ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು, ಮತ್ತೆ ಹಾಕಿದರು. ಅಷ್ಟರಲ್ಲಿ ಹನಿಯೊಂದು ಮೇಜಿನ ಮೇಲೆ ಬಿತ್ತು. ಸೋರದಮ್ಮ ತನ್ನ ಬಕೆಟ್ಟನ್ನು ಟವೆಲ್ಲಿನಿಂದ ಒರೆಸಿ, ಮೇಜನ್ನು ಒಂದಡಿ ಸರಿಸಿ, ಕಲೆಯ ನೇರಕ್ಕೆ ಇಟ್ಟಳು. ಕೆಂಪು ಅಕ್ಷರದ ಬದಿ ಗೋಡೆಗೆ ತಿರುಗಿತ್ತು. ಅವಳು ಬಗ್ಗಿ ಅದನ್ನು ಬಾಗಿಲ ಕಡೆಗೆ ತಿರುಗಿಸಿದಳು, ಬಂದವರೆಲ್ಲ ಓದಲಿ ಎಂದು.

ಓದಿದರು ಕೂಡ. ವಾರದೊಳಗೆ ಗಾರೆಯವರ ನಡುವೆ ಅವಳ ಹೊಸ ಹೆಸರು ಓಡಾಡತೊಡಗಿತು, 'ಬಕೆಟ್ಟಮ್ಮ'. ಒಪ್ಪಿಕೊಂಡಿದ್ದ ಎರಡು ಕೆಲಸ ಕೈತಪ್ಪಿದವು. ಅದು ಅವಳಿಗೆ ನೋಯದೇ ಇರಲಿಲ್ಲ. ಆದರೆ ಸೋಮವಾರ ಪ್ಲಾಸ್ಟಿಕ್ ಹುಲ್ಲಿನ ಸುರುಳಿ ಹೊತ್ತ ಲಾರಿ ಬಂದಾಗ ತಾರಸಿಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದವಳು ಅವಳೇ. ಕೆರೆಯಲು ಬಂದವರಲ್ಲೊಬ್ಬ ಅವಳ ಹಿಂದಿನ ಶಿಷ್ಯ. ಅವನು ಕಾಗದ ಓದಿ, ತಲೆ ಕೆರೆದುಕೊಂಡು, "ನಮಗ್ಯಾಕಕ್ಕ ಉಸಾಬರಿ" ಎಂದು ಲಾರಿ ತಿರುಗಿಸಿದ. ಗುರುವಾರ ಬಂದ ಸರ್ಟಿಫಿಕೇಟಿನವರನ್ನೂ ಅವಳು ತನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಡಿಸಿ ಕರೆದೊಯ್ದಳು. ಹಕ್ಕಿ ಅವರ ತಲೆಗೂ ಎರಗಿತು. ಅವರು ಫೈಲನ್ನು ತಲೆಗೆ ಹಿಡಿದುಕೊಂಡೇ ಸುತ್ತಿ, ಬಾಗಿಲ ಹತ್ತಿರ ಬಂದು ಅದೇನೋ ಬರೆದುಕೊಂಡರು. ಏನು ಬರೆದರೆಂದು ಅವಳು ಕೇಳಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ನಾದಿನಿ ಫೋನು ಮಾಡಿದಳು. ಸೋರದಮ್ಮ ಕರಣೆ, ಬ್ರಷ್ಷು, ಡಬ್ಬಿ ಎಲ್ಲ ಹೊತ್ತುಕೊಂಡೇ ಹತ್ತಿದಳು. ಜಲ್ಲಿಗೆ ಜೀವ ಬಂದಂತೆ ಮೂರು ಮರಿಗಳು ಹುಲ್ಲಿನಂಚಿನಲ್ಲಿ ಓಡಾಡುತ್ತಿದ್ದವು. ಹಕ್ಕಿ ಮಾತ್ರ ಕುಳಿಯಿಂದ ಎದ್ದಿರಲಿಲ್ಲ.

ಹಿಂದೆ ಬಾಗಿಲು ಕಿರುಗುಟ್ಟಿತು. ಮ್ಯಾನೇಜರು ನಿಂತಿದ್ದರು, ತಾರಸಿಗೆ ಇದೇ ಮೊದಲು. ಒಂದು ಮಹಡಿ ಹತ್ತಿದ್ದಕ್ಕೇ ಏದುಸಿರು. ಕೈಯಲ್ಲಿ ಕಂಠದವರೆಗೆ ತುಂಬಿದ ಬಕೆಟ್ಟು, ಪ್ಯಾಂಟಿನ ಒಂದು ಕಾಲು ಒದ್ದೆ.

"ತುಂಬಿ ಚೆಲ್ತಾ ಇದೆ," ಎಂದರು. "ಮರಿ ಆಯ್ತಂತಲ್ಲ. ಇನ್ನಾದ್ರೂ ಶುರು ಮಾಡ್ತೀಯಾ?"

ಅವಳು ತುಟಿಗೆ ಬೆರಳಿಟ್ಟು, ಕುಳಿಯ ಕಡೆ ತೋರಿಸಿದಳು.

"ಇನ್ನೊಂದು ಬಾಕಿ ಇದೆ."

ಮ್ಯಾನೇಜರು ನೋಡಲೆಂದು ಒಂದು ಹೆಜ್ಜೆ ಮುಂದಿಟ್ಟರು. ಮರಿಯೊಂದು ಓಡಿಬಂದು ಅವರ ಬೂಟಿನ ಮುಂದೆ ತಟ್ಟನೆ ನಿಂತು, ಕಲ್ಲಾಯಿತು. ಅವರೂ ಅಲುಗಲಿಲ್ಲ. ಅದು ಮತ್ತೆ ಓಡಿದ ಮೇಲೆ, ಬಗ್ಗಿ, ಸದ್ದಾಗದಂತೆ ಬಕೆಟ್ಟಿನ ನೀರನ್ನು ಹಳದಿ ಹೂವಿನ ಬುಡಕ್ಕೆ ಸ್ವಲ್ಪ ಸ್ವಲ್ಪವಾಗಿ ಸುರಿದರು. ಖಾಲಿ ಬಕೆಟ್ಟು ಹಿಡಿದು ಮೆಟ್ಟಿಲಿಳಿದು ಹೋದರು.