ತುದಿಗೆ ನಿಂತ ಕಂಬ

ಮೆಣಸಿನಕಾಯಿ ಒಣಹಾಕುವ ಜಾಗ ಕಮ್ಮಿಯಾಗುತ್ತದೆಂದು ಮಾಳಿಗೆಯ ರೇಲಿಂಗ್ ಕಂಬಗಳನ್ನು ಸ್ಲ್ಯಾಬಿನ ತೀರ ತುದಿಗೇ ನಿಲ್ಲಿಸಿದವಳು ಸುನಿತಾ.

"ಅಂಗೈ ಅಗಲರ ಒಳಗ ತಗೋರಿ ಅಕ್ಕಾರ. ಬೋಲ್ಟ್ ಮುರಿಯಂಗಿಲ್ರಿ, ಹೊರಗ ಜಗ್ಗಿದ್ರ ಕಾಂಕ್ರೀಟಿನ ತುದೀನ ಕಿತ್ತು ಬರ್ತೈತಿ," ಎಂದು ವೆಲ್ಡಿಂಗ್ ಜಾಕೀರ್ ಬಡಕೊಂಡಿದ್ದ.

"ಹಂಗಾದ್ರ ದಪ್ಪನ್ನ ಬೋಲ್ಟ್ ಹಾಕಪಾ," ಅಂದಿದ್ದಳು ಈ ಮಹಾತಾಯಿ.

ಅತ್ತೆ ಗೌರಕ್ಕ ಜಾಕೀರನ ಕಡೆ ನಿಂತಳು. ಜಗಳವಾಯಿತು. ಅಂದಿನಿಂದ ಗುಡಗೇರಿಯ ಆ ಮನೆಯಲ್ಲಿ ಅತ್ತೆ ಸೊಸೆಗೆ ಮಾತಿಲ್ಲ. ಉಪ್ಪು ಬೇಕಾದರೂ ಸುನಿತಾಳ ಗಂಡ ಸಿದ್ಧಾರೂಢನ ಬಾಯಿಂದಲೇ ಕೇಳಬೇಕು. ನಡುವೆ ಸಿಕ್ಕ ಅವನ ಗೋಳು ದೇವರಿಗೇ ಪ್ರೀತಿ.

ಇವತ್ತು ಕಂಬಕ್ಕೆ ರಾಟೆ ಕಟ್ಟಿ ಮೆಣಸಿನಕಾಯಿ ಚೀಲ ಏರಿಸುತ್ತಿದ್ದರು. ಗೌರಕ್ಕ ಕೆಳಗೆ ಗೋಡೆಗೆ ಒರಗಿ ಕೂತು ಚೀಲದ ಬಾಯಿ ಕಟ್ಟುತ್ತಿದ್ದಳು. ಸಿದ್ಧಾರೂಢ ಬೀದಿಯಾಚೆ ನಿಂತು ಹಗ್ಗ ಜಗ್ಗುತ್ತಿದ್ದ. ಮೇಲೆ ಚೀಲ ಹಿಡಿಯಲು ಬಗ್ಗಿದ ಸುನಿತಾಳ ಕಣ್ಣು ಕಂಬದ ಬುಡಕ್ಕೆ ಬಿತ್ತು. ಬೋಲ್ಟಿನ ಎರಡೂ ಬದಿಯಿಂದ ತುದಿಯವರೆಗೆ ಕೂದಲೆಳೆಯ ಬಿರುಕು. ಅಯ್ಯೋ ಶಿವನೇ!

ಚೀಲ ಅರ್ಧದಲ್ಲಿ ತೂಗುತ್ತಿತ್ತು. ಬಿಡು ಎಂದರೆ ಚೀಲ ಅತ್ತೆಯ ತಲೆ ಮೇಲೆ. ಜಗ್ಗು ಎಂದರೆ ಕಂಬವೇ ಅತ್ತೆಯ ತಲೆ ಮೇಲೆ.

"ರೀ, ಹಂಗ ಹಿಡಕೊಂಡು ನಿಂದರ್ರಿ! ಅತ್ತೀ, ಬಾಜೂ ಸರೀರಿ!"

ಗೌರಕ್ಕ ಅಲುಗಲಿಲ್ಲ. ಮಗನ ಕಡೆ ತಿರುಗಿ, "ಯಾರರ ನನ್ನ ಕರದ್ರೇನೋ?" ಅಂದಳು.

ಬಿರುಕಿನಿಂದ ಪುಡಿ ಉದುರಿತು. ಸುನಿತಾ ಓಣಿಯತ್ತ ಒಮ್ಮೆ ನೋಡಿದಳು. ಈಗ ತಪ್ಪೊಪ್ಪಿದರೆ ಓಣಿಯೆಲ್ಲ ಕೇಳುತ್ತದೆ, ಜನ್ಮವಿಡೀ ಚುಚ್ಚಿಸಿಕೊಳ್ಳಬೇಕು. ಚುಚ್ಚಲಿ, ಮುದುಕಿ ಬದುಕಿದ್ದರೆ ತಾನೇ ಚುಚ್ಚುವುದು!

"ಅತ್ತೀ, ನಂದ ತಪ್ಪಾತ್ರಿ! ನೀವು ಹೇಳಿದ್ದ ಖರೇ ಆತು! ಕಂಬ ಕೀಳಾಕತ್ತೈತ್ರಿ!"

ಈ ಮಾತಿಗೆ ಮುದುಕಿ ಎದ್ದಳು. ಜೀವ ಉಳಿಸಿಕೊಳ್ಳಲು ಅಲ್ಲ. ಸೊಸೆಯ ಮುಖ ಸರಿಯಾಗಿ ಕಾಣಲೆಂದು. ಬೀದಿ ದಾಟಿ ಮಗನ ಬಾಜು ಬಂದು, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು.

"ಏನಂದಿ? ಇನ್ನೊಮ್ಮಿ ಹೇಳು, ಎಲ್ಲಾರಿಗೂ ಕೇಳ್ಲಿ."

ಸುನಿತಾ ಬಾಯಿ ತೆರೆಯುವಷ್ಟರಲ್ಲಿ ಚಟ್ ಎಂದಿತು. ಕಂಬ, ರಾಟೆ, ಚೀಲ, ಸ್ಲ್ಯಾಬಿನ ತುದಿಯ ದೊಡ್ಡ ಹೆಂಟೆ, ಎಲ್ಲವೂ ಗೋಡೆಯ ಬುಡಕ್ಕೆ ಬಿದ್ದವು. ಘಾಟಿಗೆ ಮೂವರೂ ಕೆಮ್ಮಿದರು. ಹೆಂಟೆಯೊಳಗೆ ಆ ದಪ್ಪ ಬೋಲ್ಟ್ ಒಂಚೂರೂ ಬಾಗದೆ ನೆಟ್ಟಗಿತ್ತು. ಗೌರಕ್ಕ ಈಗಷ್ಟೇ ಕೂತಿದ್ದ ಚಾಪೆ ಅದರಡಿ ಸಿಕ್ಕಿತ್ತು.

ಗೌರಕ್ಕ ಬಹಳ ಹೊತ್ತು ಚಾಪೆಯನ್ನೇ ನೋಡಿದಳು. ಆಮೇಲೆ ಮೇಲೆ ಅಳುತ್ತ ನಿಂತ ಸೊಸೆಯನ್ನು ನೋಡಿದಳು.

"ಅತ್ತೀ... ಇನ್ನೊಮ್ಮಿ ಹೇಳ್ಲೇನ್ರಿ?"

"ಬ್ಯಾಡವಾ, ಕೇಳ್ತು," ಎಂದಳು ಗೌರಕ್ಕ, ಮಗನಿಗಲ್ಲ, ನೇರ ಸೊಸೆಗೇ. "ಮೊದಲ ನೀ ತುದಿ ಬಿಟ್ಟು ಹಿಂದಕ್ಕ ಸರಿ."