ಲೆನ್ಸಿಗೆ ಕಟ್ಟಿದ ಕೆಂಪು ಗಾಜು

ತೊಗರ್ಸಿಯ ಮಹೇಶ್ವರಪ್ಪನವರಿಗೆ ತಮ್ಮ ಮಗಳು ಕಪ್ಪು ಎನ್ನುವುದು ಅವಳಿಗೆ ಇಪ್ಪತ್ತು ತುಂಬಿದ ಮೇಲೆ ಗೊತ್ತಾಯಿತು. ಗೊತ್ತು ಮಾಡಿಸಿದವರು ಅವಳನ್ನು ನೋಡಿ ಎದ್ದುಹೋದ ಮೂರು ಮನೆಯ ಗಂಡಿನ ಕಡೆಯವರು. ತಮ್ಮ ಬಣ್ಣವೂ ಬಾಣಲೆಯ ತಳದ್ದೇ ಎಂದು ಆ ಮನುಷ್ಯನಿಗೆ ಮಾತ್ರ ಯಾರೂ ಹೇಳಿದಂತಿರಲಿಲ್ಲ. ಜಮೀನಿದ್ದ ಗಂಡಸಿಗೆ ನಮ್ಮ ಕಡೆ ಬಣ್ಣ ಇರುವುದಿಲ್ಲ.

ಐವತ್ತೆಂಟನೇ ಇಸವಿಯ ಮಾತು. ಶಿಕಾರಿಪುರದ ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಅದರಲ್ಲಿ ಮೂರು ಕಾಲಿನ ಮರದ ಕ್ಯಾಮೆರಾ, ಅದರ ಮೂತಿಗೆ ಸೇರಿನ ಬಾಯಿಯಷ್ಟು ಅಗಲದ ಹಿತ್ತಾಳೆಯ ಲೆನ್ಸು. ಅಷ್ಟು ದೊಡ್ಡ ಲೆನ್ಸು ದಾವಣಗೆರೆಯಲ್ಲೂ ಇಲ್ಲ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಇತ್ತೋ ಇಲ್ಲವೋ, ಹೋಗಿ ನೋಡಿದವರು ಯಾರು?

ಮಹೇಶ್ವರಪ್ಪ ಬಂದವರೇ ನಾನು ಹಿಂದಿನ ವರ್ಷ ತೆಗೆದಿದ್ದ ಮಗಳ ಫೋಟೋವನ್ನು ಮೇಜಿನ ಮೇಲೆ ಬಿಸಾಕಿದರು. ಇದ್ದದ್ದಕ್ಕಿಂತ ಕಪ್ಪಗೆ ತೆಗೆದಿದ್ದೀರಿ ಎಂದು ದಬಾಯಿಸಿದರು. ಈಗ ಸೊರಬದ ಮಂಜಪ್ಪನವರ ಮನೆಯಿಂದ ನಾಲ್ಕನೇ ಸಂಬಂಧ ಬಂದಿತ್ತು. ಮೊದಲು ಫೋಟೋ ಕಳಿಸಿ, ಒಪ್ಪಿಗೆಯಾದರೆ ನೋಡಲು ಬರುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರಂತೆ. ಹುಡುಗಿ ಬೆಳ್ಳಗೆ ಬರಬೇಕು, ಮಿಕ್ಕಿದ್ದು ನನಗೆ ಬ್ಯಾಡ ಎಂದರು ಮಹೇಶ್ವರಪ್ಪ.

ನಾನು ಸುಮ್ಮನಿರಬಹುದಿತ್ತು. ಆದರೆ ಚಿತ್ರ ಹಿಡಿಯುವ ಗಾಜಿನ ಪ್ಲೇಟುಗಳಲ್ಲಿ ಹೊಸ ಜಾತಿಯವು ಆಗತಾನೇ ಬಂದಿದ್ದವು. ಹಳೆಯ ಪ್ಲೇಟಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ, ಅದು ಕಪ್ಪಾಗಿಯೇ ಬರುತ್ತಿತ್ತು. ಹೊಸದಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ, ಲೆನ್ಸಿನ ಮುಂದೆ ಕೆಂಪು ಗಾಜಿನ ಫಿಲ್ಟರ್ ಹಾಕಿದರೆ ಕೆಂಪಿರುವುದೆಲ್ಲ ಬೆಳ್ಳಗಾಗುತ್ತದೆ ಎಂದು ಜೊತೆಯಲ್ಲಿದ್ದ ಚೀಟಿಯಲ್ಲಿ ಬರೆದಿತ್ತು. ನಮ್ಮ ಜನರ ಚರ್ಮದಲ್ಲಿ ಕೆಂಪು ಬೇಕಾದಷ್ಟಿದೆ ಎಂದು ನಾನು ಪಂಡಿತನ ಹಾಗೆ ವಿವರಿಸಿದೆ. ಮಹೇಶ್ವರಪ್ಪನವರಿಗೆ ‘ಬೆಳ್ಳಗೆ’ ಎಂಬ ಒಂದು ಮಾತು ಸಾಕಾಯಿತು.

ಆದರೆ ನನ್ನ ಲೆನ್ಸಿನ ಬಾಯಿಗೆ ಕೂರುವ ಫಿಲ್ಟರನ್ನು ಯಾವ ಅಂಗಡಿಯವನೂ ಮಾರುವುದಿಲ್ಲ. ದೊಡ್ಡ ಲೆನ್ಸು ಎಂದು ಕೊಚ್ಚಿಕೊಂಡವನಿಗೆ ಅದೇ ಶಿಕ್ಷೆ. ಕತ್ತಲೆ ಕೋಣೆಯ ದೀಪದ ಕೆಂಪು ಗಾಜನ್ನು ಕಿತ್ತು ಗುಂಡಗೆ ಕೊಯ್ಯಿಸಿದೆ. ತಗಡಿನ ಕೆಲಸದ ಮಾಸ್ತಪ್ಪ ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಬಳೆಯಂಥದೊಂದು ಮಾಡಿ, ಗಾಜು ಬೀಳದ ಹಾಗೆ ಮೂರು ನಾಲಿಗೆ ಮಡಚಿಕೊಟ್ಟ. ಮೊದಲ ಸಲ ಸಡಿಲವಾಗಿ ಜಾರಿತು. ಒಳಗೆ ಹಳೆಯ ಟೋಪಿಯ ಬಟ್ಟೆ ಅಂಟಿಸಿ, ಹೊರಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದ ಮೇಲೆ ನಿಂತಿತು. ಆಗ ಲೆನ್ಸಿನ ಮುಚ್ಚಳ ಹಿಡಿಸದೆ ಹೋಯಿತು. ಅದಕ್ಕೆ ನನ್ನ ತಲೆಯ ಟೋಪಿಯನ್ನೇ ಮುಚ್ಚಳ ಮಾಡಿಕೊಂಡೆ. ಗಾಜಿನ ಭಾರಕ್ಕೆ ಕ್ಯಾಮೆರಾ ಮೂತಿ ಬಗ್ಗಿಸಿದಾಗ ಕೆಳಗೊಂದು ಕೋಲು ಕೊಟ್ಟೆ.

ಮಗಳು ನೀಲಾಂಬಿಕ ಕೆಂಪು ರೇಷ್ಮೆ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ನಡುವೆ ದುಂಡಗೆ ಕುಂಕುಮವಿಟ್ಟು ಬಂದಳು. ತಂದೆಯೇ ಮುಂದೆ ನಿಂತು ಸೆರಗು ಸರಿಮಾಡಿಸಿದರು. ನಾನು ಟೋಪಿ ತೆಗೆದು, ಹನ್ನೆರಡು ಎಣಿಸಿ, ಮುಚ್ಚಿದೆ. ಹುಡುಗಿ ಕಣ್ಣು ಪಿಳುಕಿಸಲಿಲ್ಲ.

ಪ್ರಿಂಟು ಬಂದಾಗ ನಾನು ಮೊದಲು ನೋಡಿದ್ದು ನಾಲ್ಕು ಮೂಲೆ. ತಗಡಿನ ಅಂಚು ಎಲ್ಲೂ ಅಡ್ಡ ಬಂದಿರಲಿಲ್ಲ. ಎರಡನೆಯದು ಕೆನ್ನೆ. ಹಾಲಿನಂತಿತ್ತು. ಮೂರನೆಯದನ್ನು ನಾನು ನೋಡಲೇ ಇಲ್ಲ, ನೋಡುವುದೇ ನನ್ನ ಕಸುಬು! ಮಹೇಶ್ವರಪ್ಪ ಕೆನ್ನೆ ನೋಡಿ ‘ಭೇಷ್’ ಎಂದು ಒಯ್ದರು, ಮನೆಯ ಹೆಂಗಸರಿಗೂ ತೋರಿಸದೆ ನೇರವಾಗಿ ಸೊರಬಕ್ಕೆ ಕಳಿಸಿದರು. ಸೊರಬದ ಮಂಜಪ್ಪನವರೂ ಕೆನ್ನೆಯನ್ನೇ ನೋಡಿ ಒಪ್ಪಿದರು. ಆಮೇಲೆ ಫೋಟೋ ಅಡುಗೆಮನೆಗೆ ಹೋಯಿತು. ಅಲ್ಲಿ ಮಂಜಪ್ಪನವರ ಮುದಿತಾಯಿ ಅದನ್ನು ಬೆಳಕಿಗೆ ಹಿಡಿದು, ಪಾಪ, ಇಷ್ಟು ಚಿಕ್ಕ ವಯಸ್ಸಿಗೆ ಈಕೆಯ ಗಂಡ ಯಾವಾಗ ಹೋದ ಎಂದು ಕೇಳಿದಳಂತೆ.

ಕೆಂಪಿರುವುದೆಲ್ಲ ಬೆಳ್ಳಗಾಗುತ್ತದೆ ಎಂದು ಚೀಟಿ ಸುಳ್ಳು ಹೇಳಿರಲಿಲ್ಲ. ಕುಂಕುಮ ಮಾಯವಾಗಿತ್ತು. ಕೆಂಪು ಸೀರೆ ಬಿಳಿಯಾಗಿತ್ತು. ವಿಭೂತಿಯೊಂದು ಉಳಿದಿತ್ತು.

ಗಂಡ ಸತ್ತವಳನ್ನು ಕನ್ಯೆಯೆಂದು ದಾಟಿಸಲು ನೋಡಿದರು ಎಂಬ ಸುದ್ದಿ ಎರಡು ಸಂತೆ ಕಳೆಯುವುದರೊಳಗೆ ತಾಲ್ಲೂಕು ಸುತ್ತಿತು. ತೊಗರ್ಸಿಯಲ್ಲೇ, ಅವಳನ್ನು ಹುಟ್ಟಿದಾಗಿನಿಂದ ನೋಡಿದ ಪಕ್ಕದ ಮನೆಯವಳು, ಯಾರದೋ ಮದುವೆಯ ಚಪ್ಪರದಲ್ಲಿ ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟು ನೀಲಾಂಬಿಕಳ ಮುಂದೆ ಬಂದಾಗ ಕೈ ತಡೆದಳಂತೆ. ಹುಡುಗಿ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟಳು. ಮಾಡಿದ್ದು ನಾನು, ಅನುಭವಿಸುತ್ತಿದ್ದವಳು ಅವಳು.

ಗಾಜಿನ ಕೆಲಸ ಇದು ಎಂದು ಹೇಳಿ ಕಳಿಸಿದರೆ ಮಂಜಪ್ಪ ನಂಬಲಿಲ್ಲ. ನಮ್ಮ ಅಂಗಳದಲ್ಲಿ, ನಮ್ಮ ಕಣ್ಣೆದುರು ಮಾಡಿ ತೋರಿಸಲಿ ಎಂದರು. ಸರಿ, ಕ್ಯಾಮೆರಾವನ್ನು ಬಸ್ಸಿನ ಮೇಲೆ ಕಟ್ಟಿ, ಗಾಜನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಸೊರಬಕ್ಕೆ ಹೋದೆ. ಜೊತೆಗೆ ಮಹೇಶ್ವರಪ್ಪ, ಅವರ ಹೆಂಡತಿ ಬಸಕ್ಕ.

ಅಂಗಳದಲ್ಲಿ ಅರ್ಧ ಕೇರಿ ಸೇರಿತ್ತು. ಕುಂಕುಮವಿಟ್ಟವರು ಒಬ್ಬರು ಬಂದು ಕುಳಿತರೆ ಗಾಜು ಹಾಕಿ ಒಂದು, ಹಾಕದೆ ಒಂದು ತೆಗೆದು ತೋರಿಸುತ್ತೇನೆ ಎಂದೆ. ಮಂಜಪ್ಪನವರ ಹೆಂಡತಿ ಒಳಗೆ ಓಡಿದವಳು ಮತ್ತೆ ಕಾಣಲಿಲ್ಲ. ಸೊಸೆ ಬಾಗಿಲ ಹಿಂದೆ ಸರಿದಳು. ಗಂಡ ಬದುಕಿರುವಾಗ ಕುಂಕುಮ ಅಳಿಸುವ ಗಾಜಿನ ಮುಂದೆ ಯಾವ ಮುತ್ತೈದೆ ಕೂತಾಳು? ಮಂಜಪ್ಪನವರೂ ಎದೆ ಸವರಿಕೊಂಡು, ಬೇಡ ಮಾರಾಯ್ರೆ, ನಾನಿನ್ನೂ ಗಟ್ಟಿಯಾಗಿದ್ದೇನೆ ಎಂದರು. ತೆಂಗಿನಕಾಯಿಗೆ ಕುಂಕುಮ ಹಚ್ಚಿ ತೆಗೆಯಲೇ ಎಂದೆ. ತೆಂಗಿನಕಾಯಿಗೆ ಗಂಡ ಇರುವುದಿಲ್ಲ, ಹೆಂಗಸಿನ ಹಣೆಯೇ ಆಗಬೇಕು ಎಂದರು.

ಬಸಕ್ಕ ಎದ್ದು ಬಂದು ಸ್ಟೂಲಿನ ಮೇಲೆ ಕುಳಿತಳು. ಕೆಂಪು ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ.

ಮಹೇಶ್ವರಪ್ಪನವರ ಮುಖ ಇಳಿಯಿತು. “ತಲೆ ಕೆಟ್ಟೈತೇನೇ ನಿಂಗೆ? ನಾನಿಲ್ಲಿ ಬದುಕಿ ನಿಂತೀನಿ.”

“ಮಗಳನ್ನ ಕೂರಿಸಿದಾಗ ಸೆರಗು ಸರಿ ಮಾಡ್ಸಿದ್ದು ನೀವೇ ಅಲ್ವೇನ್ರೀ,” ಎಂದಳು ಬಸಕ್ಕ. “ಅವಳ ಹೆಸರು ಹೋದ ಮೇಲೆ ನೀವು ಉಳ್ಕೊಂಡು ಏನು ಮಾಡ್ತೀರಿ?” ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಗಾಜು ಕಟ್ರಿ.”

ಗಾಜು ಕಟ್ಟಿದ ಮೇಲೆ ಒಳಗೆ ಏನೂ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಮೊದಲೇ ಅವಳ ಮುಖ ಸ್ಪಷ್ಟವಾಗುವ ಹಾಗೆ ಲೆನ್ಸು ಹೊಂದಿಸಿಕೊಂಡೆ. ತಗಡಿನ ಬಳೆ ಒತ್ತುವಾಗ ಗಾಜು ಲೆನ್ಸಿಗೆ ಬಡಿದು ಸದ್ದಾಯಿತು. ಟೋಪಿ ತೆಗೆದು ಎಣಿಸತೊಡಗಿದೆ. ಆ ಹನ್ನೆರಡು ಎಣಿಕೆಯಷ್ಟು ಹೊತ್ತೂ ಮಹೇಶ್ವರಪ್ಪ ಕೊರಳಿನ ಲಿಂಗ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು. ಎಣಿಕೆ ಮುಗಿದ ಮೇಲೆ ಒಂದು ಕಣ್ಣು ಬಿಟ್ಟು, ಇನ್ನೂ ಇದ್ದೇನೆ ಎಂದು ಖಾತ್ರಿ ಮಾಡಿಕೊಂಡು ಇನ್ನೊಂದನ್ನೂ ಬಿಟ್ಟರು.

ಗಾಜು ತೆಗೆದು ಇನ್ನೊಂದು ಹೊಡೆದೆ. ಅವರ ಭತ್ತದ ಕೋಣೆಯ ಕಿಂಡಿಗಳಿಗೆಲ್ಲ ಕಂಬಳಿ ತುರುಕಿಸಿ ಪ್ಲೇಟು ತೊಳೆದೆ. ಮಧ್ಯಾಹ್ನದ ಬಿಸಿಲಿನಲ್ಲಿ ಒಣಗಿಸಿ, ಪ್ರಿಂಟು ಹಾಕಿ ಎರಡನ್ನೂ ಮಂಜಪ್ಪನವರ ಕೈಗೆ ಕೊಟ್ಟೆ. ಒಂದರಲ್ಲಿ ಬಿಳಿ ಸೀರೆಯ, ಬರಿಹಣೆಯ, ಹಾಲುಬಣ್ಣದ ಬಸಕ್ಕ. ಇನ್ನೊಂದರಲ್ಲಿ ಎದುರಿಗೆ ಕೂತಿದ್ದ ಬಸಕ್ಕ.

ಮುದಿತಾಯಿ ಎರಡನ್ನೂ ಮುಟ್ಟಿ ನೋಡಿ ತಪ್ಪಾಯಿತವ್ವಾ ಎಂದಳು. ಜನ ಗುಜುಗುಜು ಮಾಡಿದರು. ನಾನು ಗೆದ್ದೆ ಎಂದುಕೊಂಡೆ. ಮಂಜಪ್ಪ ಮಾತ್ರ ಬಸಕ್ಕನ ಮುಖವನ್ನೂ ಫೋಟೋವನ್ನೂ ಬಹಳ ಹೊತ್ತು ತಾಳೆ ಹಾಕಿದರು.

“ಹುಡುಗಿ ಕನ್ಯೆ ಅನ್ನೋದು ನಿಜ, ಒಪ್ಪಿದೆ,” ಎಂದರು. “ಆದ್ರೆ ಬಿಳುಪೂ ಗಾಜಿಂದೇ ಆಯ್ತಲ್ಲ ಮಾರಾಯ್ರೆ. ಹಂಗಾರೆ ಹುಡುಗಿ ಕಪ್ಪು.”

ಮಹೇಶ್ವರಪ್ಪ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸಕ್ಕ ಎದ್ದು ನಿಂತಿದ್ದಳು.

“ಹೌದ್ರೀ, ಕಪ್ಪು. ನನ್ನ ಹಂಗೇ. ಅವಳು ಗಂಡ ಸತ್ತೋಳಲ್ಲ ಅಂತ ಇಷ್ಟು ಜನರ ಮುಂದೆ ಒಪ್ಪಿದ್ರಲ್ಲ, ನಾನು ಬಂದಿದ್ದು ಅಷ್ಟಕ್ಕೇ. ನಿಮ್ಮ ಮನೆಗೆ ಅವಳನ್ನ ಕೊಡೋಕಲ್ಲ.”

ಬಸ್ಸಿಗಾಗಿ ಕಾಯುವಾಗ ಬಸಕ್ಕ ದೂರದ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಇಷ್ಟು ನೆಮ್ಮದಿಯಾಗಿ ಕೂತ ಹೆಂಗಸನ್ನು ನಾನು ಸ್ಟುಡಿಯೋದಲ್ಲಿ ಎಂದೂ ಕಂಡಿರಲಿಲ್ಲ. ಮಹೇಶ್ವರಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಹೆಂಡತಿಯ ಬರಿಹಣೆಯ ಫೋಟೋಕ್ಕೆ ಕುಂಕುಮ ಬರೆದು ಕೊಡಿ, ಊರು ಮುಟ್ಟುವ ಮೊದಲೇ ಆಗಬೇಕು ಎಂದು ಪಿಸುಗುಟ್ಟಿದರು. ನಾನು ಅಲ್ಲೇ ಚೀಲದಿಂದ ಫೋಟೋ ತಿದ್ದುವ ಕುಂಚ ತೆಗೆದು, ಮಸಿಯಲ್ಲಿ ಅದ್ದಿ ದುಂಡಗೆ ಒಂದು ಬೊಟ್ಟು ಇಟ್ಟೆ. ಅವರು ಅದು ಆರುವವರೆಗೂ ಊದಿ, ಎದೆಯ ಜೇಬಿಗೆ ಸೇರಿಸಿ ನಿಟ್ಟುಸಿರು ಬಿಟ್ಟರು.

ಮಂಜಪ್ಪ ವಾಪಸು ಕೊಟ್ಟ ನೀಲಾಂಬಿಕಳ ಫೋಟೋ ನನ್ನ ಚೀಲದಲ್ಲೇ ಇತ್ತು. ಮಸಿಯೂ ಇನ್ನೂ ಇತ್ತು. ಅದಕ್ಕೂ ಒಂದು ಬೊಟ್ಟು ಇಡಿ ಎಂದು ಮಹೇಶ್ವರಪ್ಪ ಕೇಳಲಿಲ್ಲ.